ಬೆಂಗಳೂರಿನ ವಠಾರಗಳೂ ಭೋಗ್ಯದ ಹಣವೂ

1905ರಲ್ಲಿ ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿ, ಗ್ರಂಥಲಿಪಿಯಲ್ಲಿದ್ದ ಒಂದು ತಾಳೆಯೋಲೆಯ ಕಟ್ಟನ್ನು ಪರಿಶೀಲಿಸುತ್ತ, ಅದು ಶತಮಾನಗಳಿಂದ ಕಣ್ಮರೆಯಾಗಿದ್ದ ಕೌಟಿಲ್ಯನ ಅರ್ಥಶಾಸ್ತ್ರವೆಂಬುದನ್ನು ಗುರುತಿಸಿದವರು ರುದ್ರಪಟ್ಟಣದ ಶಾಮಶಾಸ್ತ್ರಿಗಳು. 1909ರಲ್ಲಿ ಗ್ರಂಥವು ಅಚ್ಚಾಗಿ ಹೊರಬಂದಾಗ ದೇಶವಿದೇಶಗಳ ವಿದ್ವಾಂಸರ ದೃಷ್ಟಿಯೆಲ್ಲ ಅದರ ರಾಜನೀತಿ, ಗೂಢಚಾರವ್ಯವಸ್ಥೆ, ಷಾಡ್ಗುಣ್ಯಗಳ ಕಡೆಗೆ ಹರಿದುದು ಸಹಜವೇ ಆಗಿದ್ದಿತು. ಮೂರನೆಯ ಅಧಿಕರಣದಲ್ಲಿ, ವಾಸ್ತುವಿನ ವ್ಯವಹಾರಗಳನ್ನು ಹೇಳುವ ಸಂದರ್ಭದಲ್ಲಿ, ಬಾಡಿಗೆಯ ಮನೆಯನ್ನು ಕುರಿತು ಬಂದಿರುವ ಒಂದೆರಡು ಸೂತ್ರಗಳಲ್ಲಿ ನಿಂತು ನೋಡಿದವರು ಬಹುಶಃ ಕೆಲವರೇ. ಬಾಡಿಗೆಯನ್ನು ಸಲ್ಲಿಸುತ್ತಿರುವವನನ್ನು ಬಲಾತ್ಕಾರದಿಂದ ಹೊರಗಟ್ಟುವ ಒಡೆಯನಿಗೂ, ಬಿಟ್ಟುಹೋಗೆಂದು ಹೇಳಿದ ಮೇಲೆಯೂ ಬಿಡದೆ ಕುಳಿತಿರುವ ನಿವಾಸಿಗೂ ಆ ಶಾಸ್ತ್ರವು ವಿಧಿಸುವ ದಂಡ ಒಂದೇ: 12 ಪಣ. ಬೈಗುಳ ಹೊಡೆದಾಟ, ಕಳವು, ಸಾಹಸಕೃತ್ಯ, ವ್ಯಭಿಚಾರ, ಸುಳ್ಳು ಹಕ್ಕಿನ ಅನುಭೋಗ ಇವುಗಳಲ್ಲಿ ತೊಡಗಿದವನನ್ನು ಹೊರಡಿಸಿದರೆ ಮಾತ್ರ ಒಡೆಯನಿಗೆ ದೋಷವಿಲ್ಲ. ಹಾಗೆಯೇ ತಾನಾಗಿಯೇ ಮನೆಯನ್ನು ತೊರೆದು ಹೋಗುವವನು ಆ ವರ್ಷದ ಬಾಡಿಗೆಯಲ್ಲಿ ಉಳಿದುದನ್ನು ಕೊಟ್ಟು ಹೋಗತಕ್ಕದ್ದು.

ಈ ಓಲೆಗಳು ಮೈಸೂರಿನಲ್ಲಿ ಬೆಳಕು ಕಾಣುತ್ತಿದ್ದ ದಶಕದಲ್ಲಿಯೇ ಬೆಂಗಳೂರಿನ ಹೊಸ ಬಡಾವಣೆಗಳಲ್ಲಿ ಮನೆಗಳ ಹಿತ್ತಲುಗಳು ಒಂದೊಂದಾಗಿ ಬಾಡಿಗೆಯ ಮನೆಗಳ ಸಾಲುಗಳಾಗಿ ಮಾರ್ಪಡುತ್ತಿದ್ದವು. ನಗರದ ಚರಿತ್ರೆಯನ್ನು ಬರೆಯುವವರು ಕೆಂಪೇಗೌಡನ ಕೋಟೆಯನ್ನೂ ದಿವಾನರ ಆಡಳಿತವನ್ನೂ 1905ರಲ್ಲಿ ಶಿವನಸಮುದ್ರದಿಂದ ಬಂದ ವಿದ್ಯುತ್ತನ್ನೂ ಗಿರಣಿ ಕಾರ್ಖಾನೆಗಳನ್ನೂ ವರ್ಣಿಸುತ್ತಾರೆ, ವರ್ಣಿಸಬೇಕಾದುದೂ ನ್ಯಾಯವೇ. ಆದರೆ ಆ ಕಚೇರಿಗಳ ಗುಮಾಸ್ತರೂ ಗಿರಣಿಗಳ ಕೆಲಸಗಾರರೂ ಕಾಲೇಜುಗಳ ವಿದ್ಯಾರ್ಥಿಗಳೂ ರಾತ್ರಿ ಎಲ್ಲಿ ತಲೆಯಿಟ್ಟು ಮಲಗಿದರು, ಆ ಸೂರನ್ನು ಕಟ್ಟಿದವರು ಯಾರು, ಯಾವ ಹಣದಿಂದ ಕಟ್ಟಿದರು ಎಂಬ ಪ್ರಶ್ನೆಗೆ ಉತ್ತರವನ್ನು ಹುಡುಕಿದರೆ, ಸರ್ಕಾರವನ್ನೂ ದೊಡ್ಡ ಬಂಡವಾಳಗಾರರನ್ನೂ ದಾಟಿ, ನಾಲ್ಕು ಮನೆ ಆರು ಮನೆಗಳ ಒಡೆಯರಾದ ಸಣ್ಣ ಗೃಹಸ್ಥರ ಒಂದು ದೊಡ್ಡ ಸಮುದಾಯದ ಮುಂದೆ ಬಂದು ನಿಲ್ಲುತ್ತೇವೆ. ವಿಶ್ರಾಂತಿವೇತನ ಪಡೆದ ಶಿರಸ್ತೇದಾರರು, ಶಾಲಾ ಉಪಾಧ್ಯಾಯರು, ಜವಳಿ ವರ್ತಕರು, ಕಂಟ್ರಾಕ್ಟುದಾರರು, ಗಂಡನನ್ನು ಕಳೆದುಕೊಂಡ ಹೆಂಗಸರು: ಇವರು ಕಟ್ಟಿದ ವಠಾರಗಳು ಇಪ್ಪತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ಈ ಊರಿನ ಮಧ್ಯಮ ವರ್ಗವನ್ನು ಹೊತ್ತು ಸಾಕಿದುವೆಂದರೆ ಅತ್ಯುಕ್ತಿಯಾಗಲಾರದು.

ಹಳೆಯ ಪೇಟೆಯಲ್ಲಿಯೂ ಬಾಡಿಗೆಯ ಮನೆಗಳಿರಲಿಲ್ಲವೆಂದಲ್ಲ. ಚಿಕ್ಕಪೇಟೆ, ಬಳೇಪೇಟೆ, ತರಗುಪೇಟೆಗಳ ಇಕ್ಕಟ್ಟಾದ ಬೀದಿಗಳಲ್ಲಿ ಮುಂದೆ ಅಂಗಡಿ, ಹಿಂದೆ ಸಂಸಾರ, ಮೇಲೆ ಉಗ್ರಾಣ ಎಂಬ ಕ್ರಮದಲ್ಲಿ ಕಟ್ಟಿದ ಮನೆಗಳ ಒಂದು ಭಾಗವನ್ನು ಪರಿಚಿತರಿಗೋ ಸ್ವಜಾತಿಯವರಿಗೋ ಬಿಟ್ಟುಕೊಡುವುದು ವಾಡಿಕೆಯಲ್ಲಿದ್ದಿತು. ಆದರೆ ಬಾಡಿಗೆಗೆಂದೇ ಮನೆ ಕಟ್ಟುವ ಪದ್ಧತಿ ಬಲವಾಗಿ ಬೇರೂರಿದುದು 1898ರ ಮಹಾಮಾರಿಯ ತರುವಾಯ. ಆ ವರ್ಷದ ಆಗಸ್ಟಿನಲ್ಲಿ ರೈಲಿನ ಮಾರ್ಗವಾಗಿ ಬಂದ ಪ್ಲೇಗು ಪೇಟೆಯ ಗಾಳಿಬೆಳಕಿಲ್ಲದ ಮನೆಗಳನ್ನು ಹೊಕ್ಕು ಸಾವಿರಾರು ಜನರನ್ನು ಬಲಿತೆಗೆದುಕೊಂಡಿತು. ಉಳಿದವರು ಮನೆಗೆ ಬೀಗ ಹಾಕಿ ಊರ ಹೊರಗಿನ ಬಯಲುಗಳಲ್ಲಿ ತಡಿಕೆಯ ಗುಡಿಸಲುಗಳಲ್ಲಿ ತಿಂಗಳುಗಟ್ಟಲೆ ಬಾಳಿದರು. ಸರ್ಕಾರವು 1892ರಲ್ಲಿಯೇ ಚಾಮರಾಜಪೇಟೆಯನ್ನು ನಿರ್ಮಿಸಿದ್ದಿತು. ಈಗ ದಕ್ಷಿಣದಲ್ಲಿ ಬಸವನಗುಡಿ, ಉತ್ತರದಲ್ಲಿ ಮಲ್ಲೇಶ್ವರ ಎಂಬ ಎರಡು ವಿಸ್ತಾರವಾದ ಬಡಾವಣೆಗಳು ತಲೆಯೆತ್ತಿದವು. ದಂಡು ಪ್ರದೇಶದವರು ತಮ್ಮ ಕಡೆ ಫ್ರೇಜರ್ ಟೌನನ್ನು ಪ್ಲೇಗು ಹೊಗದಂತಹ ಮನೆಗಳ ಊರೆಂದು ಕಟ್ಟಿದರು. ಅಗಲವಾದ ನೇರ ರಸ್ತೆಗಳು, ಎರಡು ಸಾಲು ಮನೆಗಳ ಬೆನ್ನಿಗೆ ಜಾಡಮಾಲಿಗಳ ಓಡಾಟಕ್ಕಾಗಿ ಬಿಟ್ಟ ಗಲ್ಲಿ, ಪ್ರತಿ ಮನೆಯ ಸುತ್ತ ತೆರಪು: ಇವು ಹೊಸ ಬಡಾವಣೆಯ ಲಕ್ಷಣಗಳು.

ಮನೆಯ ಸುತ್ತ ಬಿಡಬೇಕೆಂದು ಆರೋಗ್ಯದ ದೃಷ್ಟಿಯಿಂದ ವಿಧಿಸಿದ ಆ ತೆರಪೇ ಮುಂದೆ ವಠಾರಕ್ಕೆ ನೆಲವಾಯಿತು. ನಿವೇಶನಗಳು ಉದ್ದವಾಗಿಯೂ ಆಳವಾಗಿಯೂ ಇದ್ದುವು. ಅಷ್ಟು ನೆಲವನ್ನು ಪೂರ್ಣವಾಗಿ ಬಳಸಿ ಮನೆ ಕಟ್ಟುವ ಶಕ್ತಿ ಒಬ್ಬ ಸಾಮಾನ್ಯ ಅಧಿಕಾರಿಗೆ ಇರಲಿಲ್ಲ. ಆತನು ರಸ್ತೆಯ ಕಡೆಗೆ ಮುಖಮಾಡಿ ಜಗಲಿ, ಹಜಾರ, ನಡುಮನೆ, ಅಡಿಗೆಮನೆಗಳ ಒಂದು ಮನೆಯನ್ನು ತನಗಾಗಿ ಕಟ್ಟಿಕೊಂಡು ಹಿತ್ತಲಿನಲ್ಲಿ ಬಾವಿ ತೋಡಿಸಿ, ನಾಲ್ಕು ತೆಂಗು ಒಂದು ಸಂಪಿಗೆ ನೆಟ್ಟು ಸುಮ್ಮನಿರುತ್ತಿದ್ದನು. ಕೆಲವು ವರ್ಷಗಳ ತರುವಾಯ ಮಗಳ ಮದುವೆಯ ಸಾಲವೋ ಮಗನ ಓದಿನ ಖರ್ಚೋ ಎದುರಾದಾಗ, ಅಥವಾ ವಿಶ್ರಾಂತಿವೇತನದ ದಿನಗಳು ಸಮೀಪಿಸಿದಾಗ, ಹಿತ್ತಲಿನ ಒಂದು ಪಕ್ಕಕ್ಕೆ ಎರಡೆರಡು ಅಂಕಣದ ಮೂರು ಮನೆಗಳನ್ನು ಸಾಲಾಗಿ ಎಬ್ಬಿಸುವನು. ಮಣ್ಣಿನ ಅಥವಾ ಇಟ್ಟಿಗೆಯ ಗೋಡೆ, ಮೇಲೆ ಮಂಗಳೂರು ಹಂಚು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಪ್ರಾರಂಭಿಸಿದ ಹಂಚಿನ ಕಾರ್ಖಾನೆಯೂ ಅದನ್ನು ಅನುಸರಿಸಿ ಹುಟ್ಟಿದ ಇತರ ಕಾರ್ಖಾನೆಗಳೂ ಇಲ್ಲದಿದ್ದಲ್ಲಿ, ಸಣ್ಣ ಒಡೆಯನಿಗೆ ಇಷ್ಟು ಅಗ್ಗವಾದ, ಇಷ್ಟು ಹಗುರವಾದ, ಮಳೆಗೆ ಸೋರದ ಮಾಡು ಎಲ್ಲಿಂದ ದೊರೆಯಬೇಕಾಗಿತ್ತು? ಮದ್ರಾಸ್ ತಾರಸಿ ಸ್ಥಿತಿವಂತನ ಮುಂಭಾಗದ ಮನೆಗೆ. ಹಂಚಿನ ಮಾಡು ಹಿತ್ತಲಿನ ಬಾಡಿಗೆಯ ಸಾಲಿಗೆ. ಮೊದಲ ಸಾಲಿನ ಎದುರಿಗೆ ಇನ್ನೊಂದು ಸಾಲು ಬಂದು, ನಡುವೆ ಚಪ್ಪಡಿ ಹಾಸಿದ ಓಣಿ ಉಳಿದು, ಓಣಿಯ ತುದಿಯಲ್ಲಿ ಬಾವಿಯೂ ಬಚ್ಚಲುಮನೆಗಳೂ ಸೇರಿದಾಗ ವಠಾರವು ಪೂರ್ಣವಾಗುತ್ತಿದ್ದಿತು.

ಈ ಕ್ರಮದಲ್ಲಿ ಗಮನಿಸಬೇಕಾದುದು ಅದರ ನಿಧಾನ. ಆರು ಮನೆಗಳ ವಠಾರವೊಂದು ಏಕಕಾಲದಲ್ಲಿ ಎದ್ದದ್ದು ಅಪೂರ್ವ; ಇಪ್ಪತ್ತು ಮೂವತ್ತು ವರ್ಷಗಳ ಅವಧಿಯಲ್ಲಿ, ಒಂದು ಮನೆಯ ಉತ್ಪತ್ತಿಯು ಮತ್ತೊಂದರ ಪಾಯಕ್ಕೆ ಕಲ್ಲಾಗುತ್ತ, ಆಸ್ತಿಯು ಬೆಳೆಯಿತು. ಮನೆ ಕಟ್ಟುವವನಿಗೆ ಆ ಕಾಲದಲ್ಲಿ ಬ್ಯಾಂಕಿನ ದೀರ್ಘಾವಧಿಯ ಸಾಲವೆಂಬುದು ಬಹುಮಟ್ಟಿಗೆ ಇರಲೇ ಇಲ್ಲ. 1909ರಲ್ಲಿ ಸ್ಥಾಪಿತವಾಗಿ, ಭಾರತದ ಮೊದಲ ಗೃಹನಿರ್ಮಾಣ ಸಹಕಾರ ಸಂಘವೆಂದು ಹೇಳಲ್ಪಡುವ ಬೆಂಗಳೂರು ಬಿಲ್ಡಿಂಗ್ ಸಹಕಾರ ಸಂಘದಂತಹ ಸಂಸ್ಥೆಗಳು ಕೆಲವರಿಗೆ ಆಸರೆಯಾದುವು. ಉಳಿದವರಿಗೆ ಹೆಂಡತಿಯ ಒಡವೆ, ಊರಿನ ಜಮೀನಿನ ಗುತ್ತಿಗೆ, ಮತ್ತು ಎಲ್ಲಕ್ಕಿಂತ ಮಿಗಿಲಾಗಿ ಭೋಗ್ಯ. ಈ ಭೋಗ್ಯವನ್ನು ಕುರಿತು ಸ್ವಲ್ಪ ವಿಸ್ತಾರವಾಗಿ ಹೇಳುವುದು ಅವಶ್ಯಕ, ಏಕೆಂದರೆ ನನ್ನ ಅಭಿಪ್ರಾಯದಲ್ಲಿ ಬೆಂಗಳೂರಿನ ಸಣ್ಣ ಬಾಡಿಗೆಮನೆಗಳ ಬೆಳೆವಣಿಗೆಯ ಗುಟ್ಟು ಇರುವುದೇ ಇಲ್ಲಿ.

ಕಲ್ಯಾಣದಲ್ಲಿ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನು ಆಳುತ್ತಿದ್ದ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನದಲ್ಲಿ, ಒತ್ತೆಯಿಟ್ಟ ವಸ್ತುವಿಗೆ ಆಧಿಯೆಂದು ಹೆಸರಿಟ್ಟು, ಅದರಲ್ಲಿ ಕೇವಲ ಕಾಪಾಡತಕ್ಕ ಗೋಪ್ಯ, ಅನುಭವಿಸತಕ್ಕ ಭೋಗ್ಯ ಎಂಬ ಭೇದಗಳನ್ನು ವಿಚಾರಮಾಡಲಾಗಿದೆ. ಸಾಲವು ಎರಡರಷ್ಟಾದರೂ ಬಿಡಿಸಿಕೊಳ್ಳದ ಗೋಪ್ಯವು ಸಾಲ ಕೊಟ್ಟವನ ಪಾಲಾಗಬಹುದು. ಕಾಲವನ್ನು ಗೊತ್ತುಮಾಡಿ ಇಟ್ಟುದು ಆ ಕಾಲ ಮೀರಿದರೆ ಹೋಗಬಹುದು. ಆದರೆ ಫಲವನ್ನು ಅನುಭವಿಸಲೆಂದು ಕೊಟ್ಟುದು ಎಂದಿಗೂ ಮೂಲದ ಒಡೆಯನಿಂದ ತಪ್ಪಿಹೋಗತಕ್ಕದ್ದಲ್ಲ. ಅಸಲನ್ನು ಹಿಂದಿರುಗಿಸಿದ ದಿನ ಅದು ಅವನದೇ. ಬ್ರಿಟಿಷ್ ಭಾರತದ 1882ರ ಆಸ್ತಿ ವರ್ಗಾವಣೆಯ ಕಾನೂನು ಸ್ವಾಧೀನ ಅಡಮಾನಕ್ಕೆ ಕೊಟ್ಟಿರುವ ಲಕ್ಷಣವೂ ತತ್ತ್ವದಲ್ಲಿ ಇದಕ್ಕೆ ದೂರವಾದುದಲ್ಲ. ಹಳ್ಳಿಯಲ್ಲಿ ಗದ್ದೆಯನ್ನೂ ತೋಟವನ್ನೂ ಭೋಗ್ಯಕ್ಕೆ ಹಾಕುವುದು ನಮ್ಮ ಜನಕ್ಕೆ ತಲೆತಲಾಂತರದಿಂದ ಪರಿಚಿತವಾಗಿದ್ದಿತು. ಹಳ್ಳಿಯನ್ನು ಬಿಟ್ಟು ಬಂದು ನಗರದಲ್ಲಿ ನೆಲಸಿದವನು ಅದೇ ಪದ್ಧತಿಯನ್ನು ಮನೆಗೆ ಅನ್ವಯಿಸಿದನು: ಮನೆಯೊಡೆಯನು ಒಂದು ಇಡಿಗಂಟನ್ನು ತೆಗೆದುಕೊಳ್ಳುವುದು, ಹಣ ಕೊಟ್ಟವನು ತಿಂಗಳ ಬಾಡಿಗೆಯಿಲ್ಲದೆ ಮೂರು ವರ್ಷವೋ ಐದು ವರ್ಷವೋ ವಾಸಮಾಡುವುದು, ಅವಧಿ ತೀರಿದಾಗ ಬಡ್ಡಿಯಿಲ್ಲದೆ ಅಸಲನ್ನು ಪಡೆದು ಮನೆಯನ್ನು ಬಿಟ್ಟುಕೊಡುವುದು. ಹಣಕ್ಕೆ ಬಡ್ಡಿಯಿಲ್ಲ, ಮನೆಗೆ ಬಾಡಿಗೆಯಿಲ್ಲ.

ಲೆಕ್ಕವನ್ನು ಬಿಡಿಸಿ ನೋಡೋಣ. ಒಂದು ಮನೆಗೆ ತಿಂಗಳಿಗೆ 10 ರೂಪಾಯಿ ಬಾಡಿಗೆ ಹುಟ್ಟುತ್ತದೆಂದು ಇಟ್ಟುಕೊಂಡರೆ ವರ್ಷಕ್ಕೆ 120 ರೂಪಾಯಿ. ನೂರಕ್ಕೆ 6ರ ಬಡ್ಡಿಯಲ್ಲಿ ಅಷ್ಟನ್ನು ತರುವ ಅಸಲು 2,000. ನೂರಕ್ಕೆ 12ರ ಬಡ್ಡಿಯಾದರೆ 1,000 ಸಾಕು. ಆದುದರಿಂದ ಊರಿನಲ್ಲಿ ಬಡ್ಡಿಯ ದರ ಇಳಿದಾಗ ಭೋಗ್ಯದ ಮೊತ್ತ ಏರುವುದೂ, ಬಡ್ಡಿ ಏರಿದಾಗ ಮೊತ್ತ ಇಳಿಯುವುದೂ ಸಹಜ. ಒಡೆಯನ ಪಾಲಿಗೆ ಇದು ಮನೆ ಕಟ್ಟುವುದಕ್ಕೆ ಬೇಕಾದ ಇಡಿಗಂಟನ್ನು ಒಮ್ಮೆಗೇ ಕೈಗೆ ತಂದುಕೊಡುವ ಮುಖ್ಯ ಮಾರ್ಗ. ಹಿತ್ತಲಿನ ಎರಡು ಮನೆಗಳನ್ನು ಭೋಗ್ಯಕ್ಕೆ ಹಾಕಿ ಬಂದ ಹಣದಿಂದ ಮೂರನೆಯದನ್ನೂ ನಾಲ್ಕನೆಯದನ್ನೂ ಕಟ್ಟಿ, ಆ ಮನೆಗಳನ್ನು ತಿಂಗಳ ಬಾಡಿಗೆಗೆ ಕೊಟ್ಟು, ಬಂದ ಬಾಡಿಗೆಯನ್ನು ಒಟ್ಟುಗೂಡಿಸಿ ಮೊದಲ ಭೋಗ್ಯವನ್ನು ತೀರಿಸುವುದು ವಿವೇಕಿಯಾದ ಗೃಹಸ್ಥನ ಕ್ರಮ. ಹಣ ಕೊಟ್ಟವನ ಪಾಲಿಗೂ ಇದು ಹಿತವೇ ಆಗಿದ್ದಿತು: ಉಳಿತಾಯವನ್ನು ಪರರ ಕೈಗೆ ಕೊಟ್ಟು ಬಡ್ಡಿಗಾಗಿ ಅಲೆಯುವ ಬದಲು, ಅದರ ಮೇಲೆಯೇ ತಾನು ವಾಸವಾಗಿರುವ ನೆಮ್ಮದಿ. ಸಾಲ ಕೊಟ್ಟವನು ಬಾಗಿಲ ಕೀಲಿಯನ್ನು ತನ್ನ ಸೊಂಟದಲ್ಲಿಯೇ ಇಟ್ಟುಕೊಂಡಿರುವ ಈ ವ್ಯವಸ್ಥೆಯಲ್ಲಿ ಸಾಕ್ಷಿ, ಜಾಮೀನುಗಳ ಅಗತ್ಯವೂ ಕಡಮೆ.

ಆದರೆ ಈ ದಾರಿಯಲ್ಲಿ ಅಪಾಯವೂ ಉಂಟು. ಅದು ಅನೇಕ ಮನೆತನಗಳನ್ನು ನುಂಗಿಯೂ ಇದೆ. ಭೋಗ್ಯದಿಂದ ಬಂದ ಹಣ ಉತ್ಪತ್ತಿಯಲ್ಲ, ಸಾಲ. ಅದರಿಂದ ಮನೆ ಕಟ್ಟದೆ ಮದುವೆ ಮುಂಜಿಗಳಿಗೆ ಸುರಿದವನು ಅವಧಿ ತೀರಿದಾಗ ಹಿಂದಿರುಗಿಸಲು ದಾರಿಯಿಲ್ಲದೆ, ಹೊಸದೊಬ್ಬನನ್ನು ಹುಡುಕಿ ಅವನಿಂದ ಪಡೆದು ಹಳಬನಿಗೆ ಕೊಡಬೇಕಾಗುವುದು. ಹೊಸಬನು ಸಿಕ್ಕದಿದ್ದಲ್ಲಿ ಹಳಬನು ಬಿಡನು. ಒಡೆಯನಿಗೆ ತನ್ನ ಮನೆಯ ಮೇಲಿನ ಒಡೆತನ ಕಾಗದದಲ್ಲಿ ಮಾತ್ರ ಉಳಿಯುವುದು. ಬೆಲೆಗಳು ಏರುತ್ತ ಹೋದ ಕಾಲದಲ್ಲಿ ನಷ್ಟವು ಇನ್ನೊಂದು ಕಡೆಗೆ ತಿರುಗಿತು: ಐದು ವರ್ಷಗಳ ಹಿಂದೆ ಕೊಟ್ಟ 2,000 ರೂಪಾಯಿಯನ್ನು ಅಷ್ಟೇ ಆಗಿ ಮರಳಿ ಪಡೆದ ನಿವಾಸಿಗೆ ಅದರಿಂದ ಹಿಂದೆ ಕೊಳ್ಳಬಹುದಾಗಿದ್ದಷ್ಟು ಅಕ್ಕಿಯನ್ನಾಗಲಿ ಬಂಗಾರವನ್ನಾಗಲಿ ಕೊಳ್ಳಲು ಆಗುತ್ತಿರಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಿಂದ ಈಚೆಗೆ ಭೋಗ್ಯವು ಒಡೆಯನಿಗೆ ವಿಶೇಷವಾಗಿ ಲಾಭಕರವಾದುದಕ್ಕೆ ಇದೇ ಕಾರಣ.

ಇನ್ನು ವಠಾರದ ನಿತ್ಯದ ಆಡಳಿತ. ಬಾಡಿಗೆಯು ತಿಂಗಳ ಐದನೆಯ ತಾರೀಖಿನೊಳಗೆ ಒಡೆಯನ ಜಗಲಿಗೆ ಬರಬೇಕು. ಅವನು ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡು ರೆವಿನ್ಯೂ ಸ್ಟಾಂಪಿನ ಮೇಲೆ ರುಜು ಹಾಕಿ ರಸೀತಿ ಕೊಡುವನು. ನೀರಿನ ಸರದಿ, ಬಚ್ಚಲಿನ ಸರದಿ, ಓಣಿಯನ್ನು ಗುಡಿಸುವ ಸರದಿ, ಬಾವಿಯ ಹಗ್ಗಕ್ಕೆ ಪಾಲು, ದೀಪ ಬಂದ ಮೇಲೆ ಒಂದೇ ಮೀಟರಿನ ಲೆಕ್ಕವನ್ನು ಬಲ್ಬುಗಳ ಎಣಿಕೆಯಿಂದ ಹಂಚುವುದು, ರಾತ್ರಿ ಹತ್ತಕ್ಕೆ ಹೆಬ್ಬಾಗಿಲಿಗೆ ಅಗುಳಿ: ಇವೆಲ್ಲಕ್ಕೂ ಬರೆದ ಕರಾರು ಇರಲಿಲ್ಲ. ಹೆಸರಘಟ್ಟದಿಂದ ನಲ್ಲಿಯ ನೀರು ಊರಿಗೆ ಹರಿಯಲಾರಂಭಿಸಿದರೂ, ವಠಾರಕ್ಕೆ ಒಂದೇ ನಲ್ಲಿ. ಅದರ ಸುತ್ತ ನಡೆಯುವ ಬೆಳಗಿನ ವ್ಯವಹಾರವನ್ನು ಕದನವಾಗದಂತೆ ನಡೆಸಿಕೊಂಡು ಹೋಗುವುದು ಸಾಮಾನ್ಯವಾಗಿ ಮನೆಯೊಡತಿಯ ಪಾಲಿನ ಕೆಲಸ. ಸುಣ್ಣಬಣ್ಣ, ಹಂಚು ಸರಿಪಡಿಸುವುದು ಮಳೆಗಾಲಕ್ಕೆ ಮೊದಲು. ಆಷಾಢದಲ್ಲಿಯೂ ಧನುರ್ಮಾಸದಲ್ಲಿಯೂ ಯಾರೂ ಮನೆ ಬದಲಾಯಿಸರಾದುದರಿಂದ, ಆ ತಿಂಗಳುಗಳ ಮುನ್ನ ಖಾಲಿಯಾದ ಮನೆಯು ತಿಂಗಳು ಪೂರ್ತಿ ಖಾಲಿಯಾಗಿಯೇ ನಿಲ್ಲುವುದೆಂಬುದನ್ನು ಲೆಕ್ಕಕ್ಕೆ ಹಿಡಿದೇ ಒಡೆಯನು ವ್ಯವಹರಿಸಬೇಕಾಗಿತ್ತು. ಶಾಲೆಗಳು ತೆರೆಯುವ ಮುಂಚಿನ ಬೇಸಗೆಯಲ್ಲಿ, ಸರ್ಕಾರಿ ನೌಕರರ ವರ್ಗಾವಣೆಯ ಆಜ್ಞೆಗಳು ಹೊರಡುವ ಕಾಲದಲ್ಲಿ, ಬಾಗಿಲ ಮೇಲೆ ಬಾಡಿಗೆಗೆ ಇದೆಯೆಂಬ ಹಲಗೆ ಬಿದ್ದ ದಿನವೇ ಮನೆ ಹೋಗುತ್ತಿದ್ದುದೂ ಉಂಟು. ಹೊಸಬರು ಬಂದು ಹಾಲು ಉಕ್ಕಿಸಿದ ಮೇಲೆ ಅವರು ವಠಾರದವರು. ಹುಟ್ಟಿದ ಮಗುವಿನ ತೊಟ್ಟಿಲಿಗೂ, ಸತ್ತವರ ಹನ್ನೆರಡನೆಯ ದಿನಕ್ಕೂ ಉಳಿದ ಐದು ಮನೆಗಳ ಪಾತ್ರೆಪಡಗ ಬರುವುದು ತಪ್ಪುತ್ತಿರಲಿಲ್ಲ.

ಈ ಸಹಬಾಳ್ವೆಯನ್ನು ಹೊಗಳುವವರು, ನಾನೂ ಅವರಲ್ಲಿ ಒಬ್ಬನೇ, ಅದರ ಹೆಬ್ಬಾಗಿಲು ಯಾರಿಗೆ ಮುಚ್ಚಿದ್ದಿತೆಂಬುದನ್ನೂ ಹೇಳಲೇಬೇಕು. ಮಲ್ಲೇಶ್ವರದಲ್ಲಿ ಬಡಾವಣೆಯ ವಿಭಾಗಗಳನ್ನೇ ಜಾತಿಗೊಂದರಂತೆ ಗೊತ್ತುಮಾಡಿದ್ದಿತು. ಸರ್ಕಾರದ ನಕ್ಷೆಯಲ್ಲಿಯೇ ಕಾಣಿಸಿಕೊಂಡ ಈ ಭೇದವು ಒಡೆಯನ ಜಗಲಿಯ ಮೇಲೆ ನಡೆಯುತ್ತಿದ್ದ ಮೊದಲ ಪ್ರಶ್ನೆಯಲ್ಲಿ ಇನ್ನೂ ಬಲವಾಗಿದ್ದಿತು. ಯಾವ ಊರು, ಯಾವ ಜನ, ಯಾರ ಕಡೆಯವರು ಎಂಬುದು ತಿಳಿದ ಮೇಲೆಯೇ ಬಾಡಿಗೆಯ ಮಾತು. ಒಂದೇ ಬಾವಿ, ಒಂದೇ ಬಚ್ಚಲು ಇದ್ದ ಕಡೆ ಮಡಿಮೈಲಿಗೆಯ ವಿಚಾರ ಹೀಗೆ ನುಸುಳಿತೆಂದು ವಿವರಿಸಬಹುದು. ಆದರೆ ವಿವರಣೆಯು ಸಮರ್ಥನೆಯಾಗದು. ದಲಿತ ಕುಟುಂಬದ ಓದಿದ ಯುವಕನೊಬ್ಬನು ಕಚೇರಿಯಲ್ಲಿ ಕೆಲಸ ದೊರೆತ ಮೇಲೆಯೂ ಕಚೇರಿಗೆ ಹತ್ತಿರವಾದ ಬೀದಿಯಲ್ಲಿ ಮನೆ ದೊರಕದೆ ದೂರದಿಂದ ನಡೆದು ಬರಬೇಕಾದುದು, ಮುಸಲ್ಮಾನನಾದ ಉಪಾಧ್ಯಾಯನಿಗೆ ತನ್ನ ಶಾಲೆಯ ಬಳಿಯ ವಠಾರದಲ್ಲಿ ಜಾಗವಿಲ್ಲವೆಂಬ ಉತ್ತರ ಬಂದುದು ಇವೂ ಈ ಚರಿತ್ರೆಯ ಭಾಗವೇ. ಇಂದಿಗೂ ಸಸ್ಯಾಹಾರಿಗಳಿಗೆ ಮಾತ್ರ ಎಂಬ ಹಲಗೆಯ ಹಿಂದೆ ಅದೇ ಪ್ರಶ್ನೆ ಬದುಕಿದೆ.

ಹೆಂಗಸರ ಸಂಗತಿ ಬೇರೆ ಬಗೆಯದು. 1933ರಲ್ಲಿ ಮೈಸೂರು ಸಂಸ್ಥಾನವು ಹಿಂದೂ ಕಾನೂನಿನ ಸ್ತ್ರೀಯರ ಹಕ್ಕುಗಳ ಶಾಸನವನ್ನು ಜಾರಿಗೆ ತಂದು, ಬ್ರಿಟಿಷ್ ಭಾರತಕ್ಕಿಂತ ಮುಂಚಿತವಾಗಿಯೇ ವಿಧವೆಯರಿಗೂ ಇತರ ಸ್ತ್ರೀಯರಿಗೂ ಕುಟುಂಬದ ಆಸ್ತಿಯಲ್ಲಿ ಪಾಲನ್ನು ಮಾನ್ಯಮಾಡಿತು. ಗಂಡನ ಮರಣಾನಂತರ ಮೈದುನರ ಮನೆಯಲ್ಲಿ ಅನ್ನಕ್ಕಾಗಿ ಕಾದಿರಬೇಕಾಗಿದ್ದ ಹೆಂಗಸಿನ ಪಾಲಿಗೆ ವಠಾರದ ಎರಡು ಮನೆಗಳು ಬಂದರೆ, ಆಕೆಗೆ ಪ್ರತಿ ತಿಂಗಳೂ ತನ್ನದೇ ಆದ ಉತ್ಪತ್ತಿ. ಜಮೀನಾದರೆ ಗೇಣಿದಾರನನ್ನು ನಂಬಬೇಕು, ಹಳ್ಳಿಗೆ ಹೋಗಿಬರಬೇಕು. ಬಾಡಿಗೆಯ ಮನೆಯೋ ಕಣ್ಣೆದುರಿಗೇ ಇದೆ. ಅಡಿಗೆಮನೆಯ ಬಾಗಿಲಲ್ಲಿ ಕುಳಿತೇ ಆಡಳಿತ ನಡೆಸಬಹುದು. ಅಕ್ಷರ ಬಾರದ ಅಜ್ಜಿಯರು ಎಂಟು ಮನೆಗಳ ಬಾಕಿ ಪೈಸಲುಗಳನ್ನು ಬಾಯಲ್ಲಿಯೇ ಹೇಳುತ್ತಿದ್ದುದು ಹಳೆಯ ಬಡಾವಣೆಗಳಲ್ಲಿ ಅಪರೂಪದ ಸಂಗತಿಯಾಗಿರಲಿಲ್ಲ. ಈ ನಗರದಲ್ಲಿ ಸ್ತ್ರೀಯರು ಆಸ್ತಿಯನ್ನು ಸ್ವತಂತ್ರವಾಗಿ ನಿರ್ವಹಿಸಿದ ಮೊದಲ ಕ್ಷೇತ್ರಗಳಲ್ಲಿ ಇದೂ ಒಂದೆಂದು ನಾನು ತಿಳಿದಿದ್ದೇನೆ; ಅದಕ್ಕೆ ಸಲ್ಲಬೇಕಾದ ಗೌರವ ಸಂದಿಲ್ಲ.

ಎರಡನೆಯ ಮಹಾಯುದ್ಧದೊಡನೆ ಈ ಶಾಂತವಾದ ವ್ಯವಸ್ಥೆಯು ಅಲ್ಲೋಲಕಲ್ಲೋಲವಾಯಿತು. 1940ರಲ್ಲಿ ವಿಮಾನ ಕಾರ್ಖಾನೆ ಪ್ರಾರಂಭವಾಯಿತು; ಸೈನ್ಯದ ಕಚೇರಿಗಳು ಬೆಳೆದುವು; ಸಿಮೆಂಟೂ ಕಬ್ಬಿಣವೂ ಯುದ್ಧಕ್ಕೆ ಹೋದುವು. ಮನೆ ಕಟ್ಟುವುದು ನಿಂತಿತು, ಮನೆ ಕೇಳುವವರು ಇಮ್ಮಡಿಯಾದರು. 1941ರ ಜನಗಣತಿಯಲ್ಲಿ ದಂಡೂ ಸೇರಿ ಸುಮಾರು 4 ಲಕ್ಷವಿದ್ದ ಜನಸಂಖ್ಯೆಯು 1951ರ ಹೊತ್ತಿಗೆ 7 ಲಕ್ಷ 78 ಸಾವಿರವನ್ನು ಮುಟ್ಟಿತು. ಇಂತಹ ಸ್ಥಿತಿಯಲ್ಲಿ ಬಾಡಿಗೆಯು ಗಗನಕ್ಕೇರದಂತೆ ತಡೆಯಲು ಸರ್ಕಾರವು ಮಧ್ಯೆ ಬಂದುದು ಅನಿವಾರ್ಯವೂ ನ್ಯಾಯವೂ ಆಗಿದ್ದಿತು. ಮುಂಬಯಿಯಲ್ಲಿ ಮೊದಲನೆಯ ಮಹಾಯುದ್ಧದ ಅಂತ್ಯದಲ್ಲಿ, 1918ರಲ್ಲಿಯೇ, ಇಂತಹ ಕಾನೂನು ಬಂದಿದ್ದಿತು. ಇಲ್ಲಿ ಯುದ್ಧಕಾಲದ ಆಜ್ಞೆಗಳ ರೂಪದಲ್ಲಿ ಹುಟ್ಟಿದ ನಿಯಂತ್ರಣವು 1951ರ ಮೈಸೂರು ಮನೆ ಬಾಡಿಗೆ ಮತ್ತು ವಸತಿ ನಿಯಂತ್ರಣ ಶಾಸನವಾಗಿ, ಕೊನೆಗೆ ವಿಶಾಲ ಮೈಸೂರಿಗೆಲ್ಲ ಅನ್ವಯಿಸುವ 1961ರ ಬಾಡಿಗೆ ನಿಯಂತ್ರಣ ಶಾಸನವಾಗಿ ಸ್ಥಿರಪಟ್ಟಿತು.

ಈ ಶಾಸನದ ಪ್ರಕಾರ ಮನೆ ಖಾಲಿಯಾದ 15 ದಿನಗಳೊಳಗೆ ಒಡೆಯನು ನಿಯಂತ್ರಣಾಧಿಕಾರಿಗೆ ಲಿಖಿತ ತಿಳಿವಳಿಕೆ ಕೊಡಬೇಕಾಗಿದ್ದಿತು. ಆ ಅಧಿಕಾರಿಯು ಅದನ್ನು ಸರ್ಕಾರಿ ಕಚೇರಿಗೋ ನೌಕರನಿಗೋ ಅಥವಾ ಅರ್ಜಿ ಹಾಕಿದ ಬೇರೊಬ್ಬನಿಗೋ ಹಂಚಬಹುದಾಗಿದ್ದಿತು. ನ್ಯಾಯವಾದ ಬಾಡಿಗೆ ಎಷ್ಟೆಂಬುದನ್ನು ಅಧಿಕಾರಿಯು ಗೊತ್ತುಮಾಡಬಹುದಾಗಿದ್ದಿತು. ಬಾಡಿಗೆ ಬಾಕಿ, ಒಳಬಾಡಿಗೆ, ಒಡೆಯನ ಸ್ವಂತ ವಾಸಕ್ಕೆ ನಿಜವಾದ ಅಗತ್ಯ, ಕೆಡವಿ ಕಟ್ಟುವ ಉದ್ದೇಶ ಮೊದಲಾದ ಗೊತ್ತಾದ ಕಾರಣಗಳಿಗಾಗಿಯಲ್ಲದೆ ಯಾರನ್ನೂ ಬಿಡಿಸುವಂತಿರಲಿಲ್ಲ. ಸ್ವಂತ ಅಗತ್ಯವನ್ನು ತೋರಿಸಿದ ಮೇಲೆಯೂ, ಬಿಟ್ಟರೆ ನಿವಾಸಿಗಾಗುವ ಕಷ್ಟ ಹೆಚ್ಚೋ ಬಿಡದಿದ್ದರೆ ಒಡೆಯನಿಗಾಗುವ ಕಷ್ಟ ಹೆಚ್ಚೋ ಎಂದು ನ್ಯಾಯಾಲಯವು ತೂಗಿ ನೋಡಬೇಕಾಗಿದ್ದಿತು. ಬರೆದ ಅಕ್ಷರಗಳಲ್ಲಿ ಇದಕ್ಕಿಂತ ಸಹಾನುಭೂತಿಯುಳ್ಳ ಕಾನೂನು ದುರ್ಲಭ. ಬಡ ಸಂಸಾರಗಳನ್ನು ಇದು ಬೀದಿಗೆ ಬೀಳದಂತೆ ರಕ್ಷಿಸಿತೆಂಬುದೂ ಸತ್ಯ.

ಆದರೂ ಶಾಸನಕರ್ತರ ಕಣ್ಣೆದುರಿಗಿದ್ದ ಒಡೆಯನು ಮುಂಬಯಿಯ ಚಾಳುಗಳ ಧನಿಕನಾಗಿದ್ದನೆಂದು ತೋರುತ್ತದೆ. ಬಸವನಗುಡಿಯ ಆರು ಮನೆಗಳ ನಿವೃತ್ತ ಉಪಾಧ್ಯಾಯನು ಅವರ ಗಣನೆಗೆ ಬಂದಂತೆ ಕಾಣುವುದಿಲ್ಲ. ಸುಣ್ಣ, ಹಂಚು, ಮೇಸ್ತ್ರಿಯ ಕೂಲಿ, ನಗರಸಭೆಯ ಕಂದಾಯ ಇವೆಲ್ಲ ವರ್ಷ ವರ್ಷಕ್ಕೆ ಏರುತ್ತಿರಲು, ಬಾಡಿಗೆ ಮಾತ್ರ ಇಪ್ಪತ್ತು ವರ್ಷಗಳ ಹಿಂದೆ ನಿಂತ ಕಡೆಯೇ ನಿಂತಿತು. ದಾವೆಯೊಂದು ಮುಗಿಯುವುದರಲ್ಲಿ ಒಡೆಯನೂ ಕೆಲವೊಮ್ಮೆ ನಿವಾಸಿಯೂ ಗತಿಸಿ ಮಕ್ಕಳು ವಾದಿ ಪ್ರತಿವಾದಿಗಳಾಗುತ್ತಿದ್ದರು. ದುರಸ್ತಿಗೆ ಹಣವಿಲ್ಲದೆ, ಇದ್ದರೂ ಹಾಕುವ ಮನಸ್ಸಿಲ್ಲದೆ, ವಠಾರಗಳ ತೊಲೆಗಳು ಗೆದ್ದಲು ಹಿಡಿದು ಗೋಡೆಗಳು ಉಬ್ಬಿದುವು. ಅರ್ಧ ಶತಮಾನ ಪರಸ್ಪರ ಪಾತ್ರೆಪಡಗ ಕೊಟ್ಟುಕೊಂಡಿದ್ದವರು ವಕೀಲರ ನೋಟೀಸಿನ ಮೂಲಕ ಮಾತನಾಡುವಂತಾದುದನ್ನು ನಾನು ಈ ಕಾನೂನಿನ ಅತ್ಯಂತ ದೊಡ್ಡ ಹಾನಿಯೆಂದು ಎಣಿಸುತ್ತೇನೆ.

ಸಣ್ಣ ಒಡೆಯನು ಇದಕ್ಕೆ ತನ್ನದೇ ಆದ ರಕ್ಷಣೆಗಳನ್ನು ಕಂಡುಕೊಂಡನು. ಮೊದಲನೆಯದು, ಬಾಡಿಗೆ ಏರಲಾರದಾದುದರಿಂದ ಮುಂಗಡವನ್ನು ಏರಿಸುವುದು. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಪಡೆಯುವ ಬೆಂಗಳೂರಿನ ವಾಡಿಕೆ, ಬೇರೆ ಊರುಗಳಿಂದ ಬಂದವರನ್ನು ಇಂದಿಗೂ ಬೆರಗುಗೊಳಿಸುವುದಷ್ಟೆ, ಈ ಭಯದ ವಾತಾವರಣದಲ್ಲಿಯೇ ಗಟ್ಟಿಯಾಯಿತೆಂದು ನಂಬಲು ಕಾರಣವಿದೆ. ಎರಡನೆಯದು 11 ತಿಂಗಳ ಕರಾರು. ಒಂದು ವರ್ಷವನ್ನು ಮೀರುವ ಗುತ್ತಿಗೆಯನ್ನು ನೋಂದಣಿ ಮಾಡಿಸತಕ್ಕದ್ದೆಂದು ಆಸ್ತಿ ವರ್ಗಾವಣೆಯ ಶಾಸನದ 107ನೆಯ ವಿಧಿಯೂ 1908ರ ನೋಂದಣಿ ಶಾಸನವೂ ಹೇಳುವುದರಿಂದ, ಆ ಖರ್ಚನ್ನೂ ದೀರ್ಘಕಾಲದ ಹಕ್ಕಿನ ಭಯವನ್ನೂ ತಪ್ಪಿಸಲು ಒಂದು ತಿಂಗಳು ಕಡಮೆಮಾಡಿ ಛಾಪಾ ಕಾಗದದ ಮೇಲೆ ಬರೆಯುವುದು ರೂಢಿಯಾಯಿತು. ಮೂರನೆಯದು ಮತ್ತೆ ಭೋಗ್ಯವೇ. ತಿಂಗಳ ಬಾಡಿಗೆಯೇ ಇಲ್ಲದ ಕಡೆ ನ್ಯಾಯವಾದ ಬಾಡಿಗೆಯನ್ನು ಗೊತ್ತುಮಾಡುವ ಪ್ರಶ್ನೆ ಏಳುವುದೆಲ್ಲಿ?

ಈ ನಡುವೆ ಊರು ದಕ್ಷಿಣಕ್ಕೂ ಪಶ್ಚಿಮಕ್ಕೂ ಹರಡಿತು. ಮೈಸೂರು ನಗರದಲ್ಲಿ 1903ರಲ್ಲಿಯೇ ಏರ್ಪಟ್ಟಿದ್ದ ನಗರಾಭಿವೃದ್ಧಿ ವಿಶ್ವಸ್ತ ಮಂಡಲಿಯಂತಹುದು ಬೆಂಗಳೂರಿಗೆ 1945ರಲ್ಲಿ ಬಂದಿತು. 1948ರಲ್ಲಿ ಜಯನಗರಕ್ಕೂ ಮರುವರ್ಷ ರಾಜಾಜಿನಗರಕ್ಕೂ ಶಂಕುಸ್ಥಾಪನೆಯಾಯಿತು. ಐ.ಟಿ.ಐ., ಎಚ್.ಎಂ.ಟಿ., ಬಿ.ಇ.ಎಲ್. ಕಾರ್ಖಾನೆಗಳು ತಮ್ಮ ಕೆಲಸಗಾರರಿಗಾಗಿ ವಸತಿಗಳನ್ನು ಕಟ್ಟಿದರೂ ಅವು ಸಾಲದೆ, ಉಳಿದವರೆಲ್ಲ ಖಾಸಗಿ ಮನೆಗಳ ಬಾಗಿಲಿಗೆ ಬಂದರು. ಹೊಸ ನಿವೇಶನಗಳು ಹಳೆಯವುಗಳಿಗಿಂತ ಚಿಕ್ಕವು. 30 ಅಡಿ 40 ಅಡಿಯ ನೆಲದಲ್ಲಿ ಓಣಿ, ಬಾವಿಗಳಿಗೆ ಎಡೆಯೆಲ್ಲಿ? ವಠಾರವು ಇಲ್ಲಿ ನೆಟ್ಟಗೆ ನಿಂತುಕೊಂಡಿತು. ಕೆಳಗೆ ಒಡೆಯ, ಮೇಲೆ ಮಹಡಿಯಲ್ಲಿ ಬಾಡಿಗೆಯವರು, ಹಿಂದೆ ಕಾಂಪೌಂಡಿಗೆ ಆನಿಸಿ ಒಂಟಿ ಕೋಣೆಯ ಔಟ್‌ಹೌಸು. ಹೊರಗಿನಿಂದಲೇ ಮೇಲಕ್ಕೆ ಹತ್ತುವ ಮೆಟ್ಟಿಲು ಆ ಕಾಲದ ಮನೆಯ ಮುಖಲಕ್ಷಣವಾಯಿತು. 1976ರ ನಗರ ಭೂಮಿ ಪರಿಮಿತಿ ಶಾಸನವು ಬೆಂಗಳೂರಿನಲ್ಲಿ ಖಾಲಿ ನೆಲದ ಮಿತಿಯನ್ನು 1,000 ಚದರ ಮೀಟರಿಗೆ ಕಟ್ಟಿಹಾಕಿದುದರಿಂದ, ದೊಡ್ಡ ಹಿತ್ತಲುಗಳನ್ನು ಉಳಿಸಿಕೊಂಡಿದ್ದವರೂ ಅವುಗಳನ್ನು ಮಕ್ಕಳ ಹೆಸರಿಗೆ ಹಂಚಿದರು. ಹಂಚಿದ ನೆಲದಲ್ಲಿ ಗೋಡೆ ಎದ್ದಿತು, ಗೋಡೆಯ ಆಚೀಚೆ ಮಹಡಿಗಳು ಎದ್ದುವು.

2001ರ ಡಿಸೆಂಬರ್ 31ರಂದು ಜಾರಿಗೆ ಬಂದ ಕರ್ನಾಟಕ ಬಾಡಿಗೆ ಶಾಸನವು ಹಳೆಯ ನಿಯಂತ್ರಣವನ್ನು ಬಹುಮಟ್ಟಿಗೆ ಸಡಲಿಸಿ, ಬೆಂಗಳೂರಿನಂತಹ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿಗೆ ಮೀರಿದ ವಾಸದ ಮನೆಗಳನ್ನು ತನ್ನ ವ್ಯಾಪ್ತಿಯಿಂದಲೇ ಬಿಟ್ಟುಕೊಟ್ಟಿತು. ಅಷ್ಟರಲ್ಲಿ ನೆಲದ ಬೆಲೆಯು ಬಾಡಿಗೆಯ ಉತ್ಪತ್ತಿಯನ್ನು ಎಷ್ಟೋ ಹಿಂದೆ ಬಿಟ್ಟು ಓಡಿದ್ದಿತು. ಆರು ಪಾಲುದಾರರ ಕೈಯಲ್ಲಿ ಹರಿದು ಹಂಚಿಹೋದ ವಠಾರವನ್ನು ಕಟ್ಟಡ ನಿರ್ಮಿಸುವ ಸಂಸ್ಥೆಗೆ ಒಪ್ಪಿಸಿ ಒಂದೊಂದು ಫ್ಲಾಟನ್ನು ಪಡೆಯುವುದು ಲಾಭಕರವೆನಿಸಿತು. ಗಾಂಧಿಬಜಾರಿನ ಸುತ್ತಣ ಬೀದಿಗಳಲ್ಲಿ, ಮಲ್ಲೇಶ್ವರದ ಅಡ್ಡರಸ್ತೆಗಳಲ್ಲಿ, ಹೆಬ್ಬಾಗಿಲು ಓಣಿಗಳು ಒಂದೊಂದಾಗಿ ಅಳಿಯುತ್ತಿವೆ.

ಹಾಗೆಂದು ಸಣ್ಣ ಒಡೆಯನು ನಗರದಿಂದ ಮಾಯವಾದನೆಂದು ತಿಳಿಯುವುದು ತಪ್ಪು. ಅವನು ಬಸವನಗುಡಿಯಿಂದ ಲಗ್ಗೆರೆಗೂ ಕಾಮಾಕ್ಷಿಪಾಳ್ಯಕ್ಕೂ ಹೊರವಲಯದ ರೆವಿನ್ಯೂ ನಿವೇಶನಗಳಿಗೂ ಹೋಗಿದ್ದಾನೆ. 20 ಅಡಿ 30 ಅಡಿಯ ನೆಲದಲ್ಲಿ, ಕೆಳಗಿನ ಮನೆಯ ಭೋಗ್ಯದಿಂದ ಮೇಲಿನದನ್ನೂ, ಅದರ ಭೋಗ್ಯದಿಂದ ಅದರ ಮೇಲಿನದನ್ನೂ ಕಟ್ಟುತ್ತ, ಗಾರೆಯ ಕೆಲಸದವನೋ ಆಟೋ ಓಡಿಸುವವನೋ ಸಿದ್ಧ ಉಡುಪಿನ ಕಾರ್ಖಾನೆಯ ಹೆಂಗಸೋ, ಶತಮಾನದ ಹಿಂದೆ ಶಿರಸ್ತೇದಾರನು ನಡೆದ ದಾರಿಯಲ್ಲಿಯೇ ನಡೆಯುತ್ತಿದ್ದಾರೆ. ಬ್ಯಾಂಕಿನ ಸಾಲವು ಈಗ ಸುಲಭವಾಗಿ ದೊರೆಯುವುದರಿಂದ ಒಂದು ಹೊಸ ಅಪಾಯವೂ ಸೇರಿಕೊಂಡಿದೆ: ಮನೆಯನ್ನು ಮೊದಲೇ ಬ್ಯಾಂಕಿಗೆ ಅಡವಿಟ್ಟು, ಅದನ್ನು ಹೇಳದೆ ಭೋಗ್ಯಕ್ಕೂ ಕೊಟ್ಟು, ಕಂತು ಕಟ್ಟದೆ ಹೋದ ಒಡೆಯರ ಮನೆಗಳಿಗೆ ಬ್ಯಾಂಕಿನವರು ಬೀಗಮುದ್ರೆ ಹಾಕಲು ಬಂದಾಗ, ಜೀವಮಾನದ ಉಳಿತಾಯವನ್ನು ಕೊಟ್ಟು ಒಳಗಿರುವ ಸಂಸಾರವು ಕಂಗಾಲಾಗುತ್ತದೆ. 100 ರೂಪಾಯಿಗೂ ಅದಕ್ಕೆ ಮೇಲ್ಪಟ್ಟ ಮೊತ್ತಕ್ಕೂ ಮಾಡಿದ ಭೋಗ್ಯದಂತಹ ಅಡಮಾನವು, ಇಬ್ಬರು ಸಾಕ್ಷಿಗಳ ರುಜುವಿನೊಡನೆ ನೋಂದಣಿಯಾದ ಪತ್ರದಿಂದ ಮಾತ್ರ ಸಿದ್ಧಿಸುವುದೆಂದು ಆಸ್ತಿ ವರ್ಗಾವಣೆಯ ಶಾಸನದ 59ನೆಯ ವಿಧಿಯು ಸ್ಪಷ್ಟವಾಗಿ ಹೇಳುತ್ತದೆ. ಆದರೂ ಲಕ್ಷಾಂತರ ರೂಪಾಯಿಗಳ ಭೋಗ್ಯವು ಇಂದಿಗೂ ಬಹುತೇಕ ಛಾಪಾ ಕಾಗದದ ಮೇಲೆ, ನೋಂದಣಿಯಿಲ್ಲದೆ, ಋಣಭಾರ ಪತ್ರವನ್ನು ತೆಗೆಸಿ ನೋಡದೆ ನಡೆಯುತ್ತಿದೆ. ಹಣ ಕೊಡುವ ಮುನ್ನ ಉಪನೋಂದಣಾಧಿಕಾರಿಯ ಕಚೇರಿಗೆ ಹೋಗಿ ಆ ಪತ್ರವನ್ನು ಪಡೆಯುವುದಕ್ಕೂ, ಕರಾರನ್ನು ಅಲ್ಲಿಯೇ ನೋಂದಣಿ ಮಾಡಿಸುವುದಕ್ಕೂ ಆಗುವ ವೆಚ್ಚವು, ಒಳಗೆ ಹೋಗುವ ಸಂಸಾರವು ಒಡೆಯನ ಕೈಯಲ್ಲಿಡುವ ಗಂಟಿನ ಒಂದು ಸಣ್ಣ ಅಂಶ ಮಾತ್ರ.